ನಾನು ಕಲ್ಲು ಮುಟ್ಟೇ ಇಲ್ಲ, ನನ್ನ ಮೇಲೆ ಕೇಸು ಯಾಕೆ?

ನಮ್ಮ ದೊಡ್ಡಮ್ಮನ ಮಗನಿಗೆ ಕೋರ್ಟಿನಿಂದ ಸಮನ್ಸ್ ಬಂದಿದೆ. ಮಂಡ್ಯ ಪಕ್ಕದ ಹಳ್ಳಿಯವನು. ಒಂದೂವರೆ ಎಕರೆ ಭತ್ತ, ಅರ್ಧ ಎಕರೆ ಕಬ್ಬು, ಎರಡು ಸೀಮೆ ಹಸು. ಬರ ಬಿದ್ದ ವರ್ಷ ಕಾವೇರಿ ನೀರಿಗಾಗಿ ನಡೆದ ಒಂದು ಪ್ರತಿಭಟನೆಗೆ ಊರವರ ಜೊತೆ ಟ್ರ್ಯಾಕ್ಟರ್ ಹತ್ತಿ ಹೋಗಿದ್ದ. ರಸ್ತೆಯಲ್ಲಿ ಕೂತರು, ಘೋಷಣೆ ಕೂಗಿದರು, ಯಾರೋ ತಂದುಕೊಟ್ಟ ಚಿತ್ರಾನ್ನ ತಿಂದರು. ಮಧ್ಯಾಹ್ನದ ಹೊತ್ತಿಗೆ ಹಿಂದಿನಿಂದ ಒಂದು ಕಲ್ಲು ಹಾರಿ ಬಂದು ಬಸ್ಸಿನ ಗಾಜಿಗೆ ಬಿತ್ತು. ಆಮೇಲೆ ಇನ್ನೂ ನಾಲ್ಕೈದು. ಜನ ದಿಕ್ಕಾಪಾಲಾಗಿ ಓಡಿದರು. ಇವನು ಓಡಲಿಲ್ಲ. ತಪ್ಪು ಮಾಡಿಲ್ಲವಲ್ಲ ಅಂತ ಅಲ್ಲೇ ನಿಂತಿದ್ದ. ಎಫ್‌ಐಆರ್‌ನಲ್ಲಿ ಅವನ ಹೆಸರು ಬಂತು.

ಮೊನ್ನೆ ಆ ಕಾಗದ ಹಿಡಿದುಕೊಂಡು ನಮ್ಮನೆ ಜಗಲಿ ಮೇಲೆ ಬಂದು ಕೂತ. "ಅಣ್ಣ, ನಾನು ಕಲ್ಲು ಮುಟ್ಟೇ ಇಲ್ಲ ಕಣಣ್ಣ. ನೀರು ಕೇಳಕ್ಕೆ ಹೋದೋನು. ಪ್ರತಿಭಟನೆ ಮಾಡೋದು ನಮ್ಮ ಹಕ್ಕು ಅಂತಾರೆ, ಮತ್ತೆ ಈ ಕೇಸು ಯಾಕಣ್ಣ?" ಅಂದ.

ಕಾಗದದಲ್ಲಿ ಹೀಗಿತ್ತು: ಕಲಂ 143, 147, 341, 427 ಸಹಿತ 149 ಐಪಿಸಿ. ಐಪಿಸಿ ಅಂದರೆ ಹಳೆಯ ಭಾರತೀಯ ದಂಡ ಸಂಹಿತೆ. ಅವನ ಪ್ರಶ್ನೆಗೆ ಉತ್ತರ ಆ ಸಾಲಿನ ಕೊನೆಯಲ್ಲೇ ಇದೆ. "ಸಹಿತ 149". ಅದು ಅರ್ಥ ಆಗಬೇಕಾದರೆ ಮೊದಲು ಹಕ್ಕು ಅಂದರೆ ಏನು ಅನ್ನುವುದರಿಂದ ಶುರು ಮಾಡಬೇಕು. ನಾನು ವಕೀಲನಲ್ಲ. ಅವನ ಕೇಸಿನ ನೆಪದಲ್ಲಿ ವಕೀಲರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇದು ಬೇಕಾಗುವ ಮನೆಗಳು ಜಾಸ್ತಿ ಇವೆ.

ಹಕ್ಕು ಎಲ್ಲಿ ಬರೆದಿದೆ?

ಸಂವಿಧಾನದ 3ನೇ ಭಾಗದಲ್ಲಿ ಮೂಲಭೂತ ಹಕ್ಕುಗಳಿವೆ. ರೇಷನ್ ಕಾರ್ಡು, ಸಬ್ಸಿಡಿ ಇವೆಲ್ಲ ಸರ್ಕಾರದ ಯೋಜನೆಗಳು. ಒಂದು ಸರ್ಕಾರ ಕೊಡುತ್ತದೆ, ಇನ್ನೊಂದು ಬದಲಾಯಿಸುತ್ತದೆ. ಮೂಲಭೂತ ಹಕ್ಕು ಹಾಗಲ್ಲ. ಅದನ್ನು ಮೀರಿ ಸರ್ಕಾರ ಕಾನೂನು ಮಾಡಿದರೆ ಆ ಕಾನೂನೇ ಬಿದ್ದುಹೋಗುತ್ತದೆ. ಹಕ್ಕಿಗೆ ಧಕ್ಕೆ ಆದವರು 226ನೇ ವಿಧಿಯಡಿ ಹೈಕೋರ್ಟಿಗೆ, 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೇ ಹೋಗಬಹುದು.

ನಮಗಿಲ್ಲಿ ಬೇಕಾದದ್ದು 19ನೇ ವಿಧಿ. ಅದರಲ್ಲಿ ಹುಡುಕಿದರೆ "ಪ್ರತಿಭಟನೆ" ಎಂಬ ಪದವೇ ಸಿಗುವುದಿಲ್ಲ. ಮಾತಾಡುವ ಸ್ವಾತಂತ್ರ್ಯ ಇದೆ, ಸೇರುವ ಸ್ವಾತಂತ್ರ್ಯ ಇದೆ, ಸಂಘ ಕಟ್ಟುವ ಸ್ವಾತಂತ್ರ್ಯ ಇದೆ. ಈ ಮೂರನ್ನೂ ಸೇರಿಸಿ ಹೊಸೆದ ಹಗ್ಗವೇ ಪ್ರತಿಭಟನೆಯ ಹಕ್ಕು ಎಂದು ಕೋರ್ಟುಗಳು ಹೇಳುತ್ತಾ ಬಂದಿವೆ.

ಸೇರುವ ಸ್ವಾತಂತ್ರ್ಯದ ಸಾಲನ್ನು ಸ್ವಲ್ಪ ನಿಧಾನವಾಗಿ ಓದಬೇಕು. "ಶಾಂತಿಯುತವಾಗಿ ಮತ್ತು ಆಯುಧಗಳಿಲ್ಲದೆ" ಸೇರುವ ಹಕ್ಕು ಎಂದಿದೆ. ಬೇರೆ ಸ್ವಾತಂತ್ರ್ಯಗಳನ್ನು ಹೇಳುವ ಸಾಲಿನಲ್ಲಿ ಇಂಥ ಷರತ್ತಿಲ್ಲ, ಅವುಗಳ ಮಿತಿಯನ್ನು ಮುಂದೆ ಬೇರೆಯಾಗಿ ಹೇಳಿದ್ದಾರೆ. ಇದೊಂದಕ್ಕೆ ಮಾತ್ರ ಷರತ್ತು ಸಾಲಿನ ಒಳಗೇ ಸೇರಿಕೊಂಡಿದೆ. ಅಂದರೆ ದೊಣ್ಣೆ ಹಿಡಿದು ಸೇರಿದ ಗುಂಪಿಗೆ ಹಕ್ಕು ಇದ್ದು ಆಮೇಲೆ ಹೋಯಿತು ಅಂತಲ್ಲ, ಆ ಹಕ್ಕು ಅವರಿಗೆ ಹುಟ್ಟಲೇ ಇಲ್ಲ.

ಇದರ ಮೇಲೆ ಸರ್ಕಾರ ಇನ್ನಷ್ಟು ನಿರ್ಬಂಧ ಹಾಕಬಹುದು. ಆದರೆ ಅದಕ್ಕೆ ಕಾನೂನಿನ ಬಲ ಬೇಕು, ದೇಶದ ಸಾರ್ವಭೌಮತೆ, ಅಖಂಡತೆ ಅಥವಾ ಸಾರ್ವಜನಿಕ ಶಾಂತಿ ಕಾಪಾಡುವ ಕಾರಣ ಬೇಕು, ಮತ್ತು ನಿರ್ಬಂಧ ನ್ಯಾಯವಾಗಿರಬೇಕು. ನಮ್ಮ ಕಡೆಯವರಿಗೆ ಇದನ್ನು ನಾಲೆ ನೀರಿನ ಲೆಕ್ಕದಲ್ಲಿ ಹೇಳಬಹುದು. ವಿಶ್ವೇಶ್ವರಯ್ಯ ನಾಲೆಗೆ, ಅಂದರೆ ನಮ್ಮ ವಿಸಿ ನಾಲೆಗೆ, ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ. ಇಷ್ಟು ದಿನ ಈ ಭಾಗಕ್ಕೆ, ಆಮೇಲೆ ಇಷ್ಟು ದಿನ ನಿಲ್ಲಿಸುವುದು. ಅದು ನಿಯಂತ್ರಣ. ತೂಬು ಮುಚ್ಚಿ ಬೀಗ ಹಾಕಿಕೊಂಡು ಹೋದರೆ ಅದನ್ನು ನಿಯಂತ್ರಣ ಅಂತ ಯಾವ ರೈತನೂ ಒಪ್ಪುವುದಿಲ್ಲ, ಅಲ್ವಾ? 1970ರ ದಶಕದ ಆರಂಭದಲ್ಲಿ ಅಹಮದಾಬಾದಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಅರ್ಥದ ಮಾತು ಹೇಳಿತು. ಸಾರ್ವಜನಿಕ ರಸ್ತೆಯಲ್ಲಿ ಸಭೆ ಎಲ್ಲಿ, ಯಾವಾಗ, ಹೇಗೆ ಎಂದು ಪೊಲೀಸರು ಗೊತ್ತುಮಾಡಬಹುದು, ಸಭೆಯೇ ಬೇಡ ಎಂದು ಪೂರ್ತಿ ಬಾಗಿಲು ಹಾಕುವಂತಿಲ್ಲ.

ಇನ್ನೊಂದು ಮಾತು. ಬೇಡಿಕೆ ಸರಿಯೋ ತಪ್ಪೋ ಎಂಬುದರ ಮೇಲೆ ಈ ಹಕ್ಕು ನಿಂತಿಲ್ಲ. ನಮಗೆ ಒಂಚೂರೂ ಇಷ್ಟವಾಗದ ಬೇಡಿಕೆ ಇಟ್ಟುಕೊಂಡು ಮಂಡ್ಯದ ಸಂಜಯ ವೃತ್ತದಲ್ಲಿ ಕೂತವರಿಗೂ ಅದು ಅಷ್ಟೇ ಇದೆ.

ಶಾಂತಿ ಅಂದರೆ ಸುಮ್ನೆ ಕೂರೋದಾ?

ಅಲ್ಲ. ಬಾಯಿ ಬಿಟ್ಟು ಕೂಗಬಹುದು. ಕಪ್ಪು ಬಾವುಟ ತೋರಿಸಬಹುದು. ನಮ್ಮ ಕಡೆ ಚಳವಳಿಗಳು ಎಷ್ಟು ಬಗೆ! ಖಾಲಿ ಕೊಡ ಹಿಡಿದು ಹೆಂಗಸರ ಮೆರವಣಿಗೆ, ಬಾರುಕೋಲು ಚಳವಳಿ, ತಮಟೆ ಚಳವಳಿ, ಉರುಳು ಸೇವೆ, ಶ್ರೀರಂಗಪಟ್ಟಣದಲ್ಲಿ ಸೊಂಟದ ಮಟ್ಟ ಹೊಳೆಗಿಳಿದು ನಿಲ್ಲುವುದು, ವಿಶ್ವೇಶ್ವರಯ್ಯನವರ ಪ್ರತಿಮೆ ಮುಂದೆ ತಿಂಗಳುಗಟ್ಟಲೆ ಧರಣಿ. ಇವುಗಳಿಂದ ಅಧಿಕಾರದಲ್ಲಿರುವವರಿಗೆ ಇರುಸುಮುರುಸು ಆಗುತ್ತದೆ. ಆಗಲಿ ಅಂತಲೇ ಮಾಡುವುದು. ಇರುಸುಮುರುಸು ಹಿಂಸೆಯಲ್ಲ.

ರಾಜಕೀಯ ಬೇಡಿಕೆ ಈಡೇರಿಸಿಕೊಳ್ಳಲು, ಇಲ್ಲವೇ ಎದುರಾಳಿಯ ಬಾಯಿ ಮುಚ್ಚಿಸಲು, ಮನುಷ್ಯರ ಮೈ ಮೇಲೆ ಅಥವಾ ಆಸ್ತಿ ಮೇಲೆ ಬಲ ಬಳಸಿದರೆ ಅದು ರಾಜಕೀಯ ಹಿಂಸೆ. ಕಲ್ಲು, ಬೆಂಕಿ, ಹೊಡೆತ ಇವು ಎಲ್ಲರಿಗೂ ಗೊತ್ತು. ಮುಖಕ್ಕೆ ಮಸಿ ಬಳಿಯುವುದನ್ನು ಮಾತ್ರ ಎಷ್ಟೋ ಜನ ಸಣ್ಣ ತಮಾಷೆ ಅಂದುಕೊಂಡಿದ್ದಾರೆ. ಒಪ್ಪಿಗೆ ಇಲ್ಲದ ಒಬ್ಬರ ಮೈಗೆ ಅವಮಾನ ಮಾಡಲೆಂದು ಕೈ ಹಾಕುವುದು ಕಾನೂನಿನ ಕಣ್ಣಲ್ಲಿ ಅಪರಾಧವೇ.

ಇವೆರಡರ ಮಧ್ಯೆ ಒಂದು ಜಾಗ ಇದೆ, ಗೊಂದಲ ಆಗುವುದು ಅಲ್ಲೇ. ರಸ್ತೆ ತಡೆ ತೆಗೆದುಕೊಳ್ಳಿ. ಯಾರಿಗೂ ಹೊಡೆದಿಲ್ಲ, ಬಡಿದಿಲ್ಲ, ಸುಮ್ನೆ ಕೂತಿದ್ದಾರೆ. ಶಾಂತಿಯುತ, ನಿಜ. ಆದರೂ ಕಾನೂನು ಮುರಿದಂತೆ ಆಗಬಹುದು. ಕಾಗದದಲ್ಲಿದ್ದ 341 ಅದೇ, ಅಕ್ರಮವಾಗಿ ತಡೆದದ್ದು. ದೆಹಲಿಯ ಶಾಹೀನ್ ಬಾಗ್ ಧರಣಿ ಬಗ್ಗೆ 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಡುವಾಗ ಪ್ರತಿಭಟನೆಯ ಹಕ್ಕನ್ನು ಒಪ್ಪಿತು. ಜೊತೆಗೇ ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದೂ ಹೇಳಿತು. ಬಸ್ಸಿನಲ್ಲಿ ಕೂತವರಿಗೂ 19ನೇ ವಿಧಿಯಲ್ಲೇ ಓಡಾಡುವ ಸ್ವಾತಂತ್ರ್ಯ ಇದೆ. ಹೆರಿಗೆಗೆಂದು ಮಿಮ್ಸ್ ಆಸ್ಪತ್ರೆಗೆ ಹೊರಟ ಹೆಣ್ಣುಮಗಳಿಗೆ 21ನೇ ವಿಧಿಯ ಜೀವದ ಹಕ್ಕೇ ಇದೆ.

ಶಿವಪುರದ ಹೊಲದಲ್ಲಿ

ಶಾಂತಿಯುತವಾಗಿ ಕಾನೂನು ಮುರಿಯುವುದು ಅಂದರೆ ಏನು ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಮದ್ದೂರಿನ ಶಿವಪುರದಲ್ಲಿ, ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಸತ್ಯಾಗ್ರಹ ಸೌಧ ಇದೆ. ದಿನಾ ಅದರ ಮುಂದೆ ಬಸ್ಸಿನಲ್ಲಿ ಹೋಗುವ ಎಷ್ಟೋ ಜನರಿಗೆ ಅದು ಏನು ಅಂತ ಗೊತ್ತಿಲ್ಲ.

1938ರ ಏಪ್ರಿಲ್. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್‌ನ ತ್ರಿವರ್ಣ ಧ್ವಜ ಹಾರಿಸಲು ಸರ್ಕಾರ ಬಿಡುತ್ತಿರಲಿಲ್ಲ. ಶಿವಪುರದಲ್ಲಿ ಅಧಿವೇಶನ ಸೇರಿತು, ಟಿ. ಸಿದ್ಧಲಿಂಗಯ್ಯ ಅದರ ಅಧ್ಯಕ್ಷರು. ನಿಷೇಧಾಜ್ಞೆ ಇತ್ತು. ಸುತ್ತಲ ಹಳ್ಳಿಗಳಿಂದ ಸಾವಿರಾರು ಜನ ಬಂದರು. ಧ್ವಜ ಏರಿತು, ಬಂಧನ ಆಯಿತು. ಮುಖಂಡರು ಯಾರ ಮೇಲೂ ಕೈ ಎತ್ತಲಿಲ್ಲ, ಓಡಿಯೂ ಹೋಗಲಿಲ್ಲ. ಕಾನೂನು ಮುರಿದಿದ್ದೇವೆ, ಹಿಡಿದುಕೊಂಡು ಹೋಗಿ ಎಂದು ನಿಂತರು. ಸತ್ಯಾಗ್ರಹದ ಗುಟ್ಟೇ ಅದು. ಅನ್ಯಾಯದ ಕಾನೂನನ್ನು ಎಲ್ಲರ ಎದುರಿಗೆ ಮುರಿಯಬೇಕು, ಅದರ ಶಿಕ್ಷೆಯನ್ನು ತನ್ನ ಮೈ ಮೇಲೇ ತೆಗೆದುಕೊಳ್ಳಬೇಕು.

ಅದೇ ತಿಂಗಳ 25ರಂದು ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದಕ್ಕೆ ಸರ್ಕಾರದ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. ದೇಶವೆಲ್ಲ ಈ ಕಡೆ ನೋಡಿತು. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಸಂಸ್ಥಾನದ ಧ್ವಜದ ಜೊತೆಗೆ ತ್ರಿವರ್ಣ ಧ್ವಜವನ್ನೂ ಹಾರಿಸಬಹುದು ಎಂದು ಒಪ್ಪಂದವಾಯಿತು. ಆ ರೈತರ ಕೈಯಲ್ಲಿ 19ನೇ ವಿಧಿ ಇರಲಿಲ್ಲ ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

1947ರ ಸೆಪ್ಟೆಂಬರ್‌ನ ಮೈಸೂರು ಚಲೋ ಕೂಡ ಹಾಗೇ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ, ಅಂದರೆ ಜನರಿಗೆ ಉತ್ತರ ಕೊಡುವ ಸರ್ಕಾರ, ಬಂದಿರಲಿಲ್ಲ. ಮೈಸೂರಿನ ಬೀದಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರೇ ಇವತ್ತಿನ ರಾಮಸ್ವಾಮಿ ವೃತ್ತಕ್ಕೆ ಇರುವುದು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

"ಸಹಿತ 149" ಅಂದರೆ

ಈಗ ನಮ್ಮ ಹುಡುಗನ ಕಾಗದಕ್ಕೆ ಬರೋಣ.

143 ಅಂದರೆ ಅಕ್ರಮ ಕೂಟದಲ್ಲಿ ಇದ್ದದ್ದು. ಐದು ಅಥವಾ ಹೆಚ್ಚು ಜನ ಒಂದೇ ಉದ್ದೇಶದಿಂದ ಸೇರಿ, ಆ ಉದ್ದೇಶ ಕಾನೂನು ಪಟ್ಟಿ ಮಾಡಿದ ಕೆಟ್ಟ ಉದ್ದೇಶಗಳಲ್ಲಿ ಒಂದಾದರೆ ಅದು ಅಕ್ರಮ ಕೂಟ. ಬಲದಿಂದ ಸರ್ಕಾರವನ್ನು ಬೆದರಿಸುವುದು, ಆಸ್ತಿ ಹಾಳು ಮಾಡುವುದು, ಒಬ್ಬನಿಗೆ ಮಾಡಬೇಕಿಲ್ಲದ್ದನ್ನು ಬಲವಂತದಿಂದ ಮಾಡಿಸುವುದು, ಹೀಗೆ. ಶಿಕ್ಷೆ ಆರು ತಿಂಗಳವರೆಗೆ. ಆ ಕೂಟದವರು ಬಲ ಬಳಸಿದರೆ ಅದು 147, ದೊಂಬಿ. ಎರಡು ವರ್ಷದವರೆಗೆ. 427 ಅಂದರೆ ಹಾನಿ, ಇಲ್ಲಿ ಬಸ್ಸಿನ ಗಾಜು.

ಇವನು ಗಾಜು ಒಡೆದಿಲ್ಲವಲ್ಲ, ಹಾಗಾದರೆ 427 ಯಾಕೆ? ಅಲ್ಲಿ ಬರುತ್ತದೆ 149. ಅಕ್ರಮ ಕೂಟದ ಸಮಾನ ಉದ್ದೇಶಕ್ಕಾಗಿ ಒಬ್ಬ ಸದಸ್ಯ ಅಪರಾಧ ಮಾಡಿದರೆ, ಅಥವಾ ಹೀಗೆ ಆಗಬಹುದು ಎಂದು ಗೊತ್ತಿದ್ದೂ ಉಳಿದವರು ಜೊತೆಗಿದ್ದರೆ, ಆ ಅಪರಾಧ ಎಲ್ಲರ ತಲೆಗೂ ಬರುತ್ತದೆ. ಡೈರಿಯಲ್ಲಿ ನೋಡಿರುತ್ತೀರಿ. ಮೂವತ್ತು ಮನೆಯ ಹಾಲು ಒಂದೇ ಕ್ಯಾನಿಗೆ ಬೀಳುತ್ತದೆ, ಒಬ್ಬರ ಹಾಲು ಹುಳಿಯಾಗಿದ್ದರೆ ಕ್ಯಾನೇ ವಾಪಸ್. ನಿಮ್ಮ ಹಸುವಿನ ಹಾಲು ಎಷ್ಟೇ ಚೆನ್ನಾಗಿದ್ದರೂ ಅವತ್ತಿನ ದುಡ್ಡು ಹೋಯಿತು. ಇನ್ನೂ ಒಂದು ವಿಷಯ ಇದೆ. ಸೇರಿದಾಗ ಸರಿಯಾಗಿದ್ದ ಗುಂಪು ಆಮೇಲೆ ಅಕ್ರಮ ಕೂಟವಾಗಬಹುದು ಎಂದು ಕಾನೂನೇ ಹೇಳುತ್ತದೆ. ಬೆಳಗ್ಗೆ ಚಿತ್ರಾನ್ನ ತಿಂದ ಗುಂಪು ಮಧ್ಯಾಹ್ನಕ್ಕೆ ಕಾನೂನಿನ ಲೆಕ್ಕದಲ್ಲಿ ಬೇರೆಯೇ ಗುಂಪು.

ಆದರೆ ಹಾಲಿನ ಕ್ಯಾನಿಗೂ ಕೋರ್ಟಿಗೂ ದೊಡ್ಡ ವ್ಯತ್ಯಾಸ ಇದೆ, ಅದನ್ನು ಅವನಿಗೆ ಎರಡು ಸಲ ಹೇಳಿದೆ. ಕೋರ್ಟು ಒಬ್ಬೊಬ್ಬರ ಹಾಲನ್ನೂ ಬೇರೆಯಾಗಿ ನೋಡಲೇಬೇಕು. ಆ ಜಾಗದಲ್ಲಿದ್ದ ಎಂಬ ಒಂದೇ ಕಾರಣಕ್ಕೆ ಯಾರೂ ಅಪರಾಧಿ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಬಹಳ ಸಲ ಹೇಳಿದೆ. ಅವನಿಗೂ ಆ ಕೆಟ್ಟ ಉದ್ದೇಶ ಇತ್ತು ಎಂದು ಪೊಲೀಸರು ಸಾಬೀತು ಮಾಡಬೇಕು. ನಿಂತು ನೋಡುತ್ತಿದ್ದವನೂ, ಕಲ್ಲು ಬಿದ್ದಾಗ ಬೇಡ ಬೇಡ ಎಂದು ಕೂಗಿದವನೂ ಕಲ್ಲು ಹೊಡೆದವನ ಜೊತೆಗಾರರಲ್ಲ. ಕಷ್ಟ ಏನೆಂದರೆ ಇದು ತೀರ್ಮಾನ ಆಗುವುದು ವಿಚಾರಣೆಯ ಕೊನೆಯಲ್ಲಿ. ಅಲ್ಲಿಯವರೆಗೆ ವಾಯಿದೆಗೆ ಓಡಾಡಬೇಕು.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅಕ್ರಮ ಕೂಟ ಈಗ 189, ಹಳೆಯ 149 ಈಗ 190, ದೊಂಬಿ 191. ಅದಕ್ಕೆ ಮೊದಲು ನಡೆದ ಘಟನೆಗಳಿಗೆ ಹಳೇ ಕಲಂಗಳೇ. ಸರ್ಕಾರಿ ಬಸ್ಸು, ಕಚೇರಿ ಹಾಳಾದರೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯೂ ಸೇರಬಹುದು. ಅದರಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ, ಬೆಂಕಿ ಹಚ್ಚಿದರೆ ಹತ್ತು ವರ್ಷದವರೆಗೆ.

ನಮ್ಮ ಸಿಟ್ಟು ಬೇರೆಯವರ ಮನೆಗೆ ನುಗ್ಗಿದಾಗ

ಇದನ್ನು ಬರೆಯದೆ ಮುಂದೆ ಹೋದರೆ ಸರಿಯಾಗುವುದಿಲ್ಲ. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಬಂತು. ಆ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲೂ ಮೈಸೂರು ಭಾಗದಲ್ಲೂ ತಮಿಳು ಮಾತಾಡುವವರ ಮೇಲೆ ಹಲ್ಲೆ ನಡೆಯಿತು. ಜೀವ ಹೋದವು, ಕುಟುಂಬಗಳು ಮನೆ ಬಿಟ್ಟು ಹೋದವು. ತಮಿಳುನಾಡಿಗೆ ನೀರು ಎಷ್ಟು ಬಿಡಬೇಕೆಂದು ಹೇಳಿದ್ದು ನ್ಯಾಯಮಂಡಳಿ. ಏಟು ತಿಂದವರಲ್ಲಿ ಕೂಲಿ ಮಾಡಿ ಬದುಕುವವರಿದ್ದರು. ಅವರೂ ಈ ದೇಶದ ನಾಗರಿಕರು, ಎಲ್ಲಿ ಬೇಕಾದರೂ ನೆಲೆಸುವ ಹಕ್ಕು ಅದೇ 19ನೇ ವಿಧಿಯಲ್ಲಿದೆ. ಇದೇ ಕಾವೇರಿ ವಿಚಾರಕ್ಕೆ 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಸುಟ್ಟುಹೋದವು, ಪೊಲೀಸರ ಗುಂಡಿಗೆ ಒಬ್ಬರು ಸತ್ತರು, ಕರ್ಫ್ಯೂ ಬಂತು. ಆ ವಾರ ಟಿವಿ ಹಾಕಿದರೆ ಉರಿಯುವ ಬಸ್ಸುಗಳೇ. ಒಣಗುತ್ತಿದ್ದ ನಮ್ಮ ಗದ್ದೆಗಳನ್ನು ಯಾರು ನೋಡಿದರು?

ಬಂದ್ ದಿನ ಅರ್ಧ ಇಳಿದ ಷಟರ್

ಬಂದ್ ದಿನ ನೂರಡಿ ರಸ್ತೆಯಲ್ಲಿ ಒಂದು ಸಣ್ಣ ಹೋಟೆಲು. ಷಟರ್ ಅರ್ಧ ಇಳಿದಿತ್ತು. ಒಳಗೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಬೇಯಿಸಿದ ಇಡ್ಲಿ ತಟ್ಟೆಗಳು ಹಬೆಯಾಡುತ್ತಿದ್ದವು. ಬೈಕಿನಲ್ಲಿ ನಾಲ್ಕು ಹುಡುಗರು ಬಂದರು, ಒಬ್ಬ ಷಟರಿಗೆ ಕಾಲಲ್ಲಿ ಒದ್ದ. ಒಳಗಿದ್ದ ಯಜಮಾನರು "ಮುಚ್ತೀನಿ ಕಣಪ್ಪ, ಪಾತ್ರೆ ಇಳಿಸ್ಕೊತೀನಿ ತಾಳು" ಅಂದರು. ಅವರೂ ಗದ್ದೆ ಇರುವವರೇ, ಕೇಳಿದ್ದರೆ ಅವರೇ ಮುಚ್ಚುತ್ತಿದ್ದರು.

ಕಾನೂನಿನ ವ್ಯತ್ಯಾಸ ಇರುವುದು ಆ ಒದೆತದಲ್ಲಿ. ಅಂಗಡಿಯವರು ತಾವಾಗೇ ಬಾಗಿಲು ಹಾಕಿದರೆ ಅದು ಅವರ ಪ್ರತಿಭಟನೆ. ಹೆದರಿಸಿ ಹಾಕಿಸಿದರೆ ಅವರ ಹಕ್ಕಿಗೆ ಬಿದ್ದ ಪೆಟ್ಟು. ಕೇರಳ ಹೈಕೋರ್ಟ್ 1997ರಲ್ಲಿ ಬಲವಂತದ ಬಂದ್ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು, ಅದೇ ವರ್ಷ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಬಂದ್‌ಗೆ ಕರೆ ಕೊಡುವಾಗ ಕೈ ಮುಗಿದು ಕೇಳಬಹುದು, ಕರಪತ್ರ ಹಂಚಬಹುದು. ಅಷ್ಟೇ.

144 ಹಾಕಿದರೆ ಎಲ್ಲ ಮುಗೀತಾ?

ಊರಲ್ಲಿ ಎಲ್ಲರೂ 144 ಅಂತಾರೆ. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163. ಗಲಭೆ ಆಗುವ ಸೂಚನೆ ಇದ್ದರೆ ಅಧಿಕಾರಿ ಗುಂಪು ಸೇರಬಾರದು ಎಂದು ಆದೇಶ ಹೊರಡಿಸಬಹುದು. ಅದು ಲಿಖಿತವಾಗಿರಬೇಕು, ಕಾರಣ ಇರಬೇಕು, ಎರಡು ತಿಂಗಳಿಗಿಂತ ಜಾಸ್ತಿ ನಡೆಯುವುದಿಲ್ಲ. ರಾಜ್ಯ ಸರ್ಕಾರ ಬೇಕಾದರೆ ಇನ್ನೂ ಆರು ತಿಂಗಳವರೆಗೆ ಮುಂದುವರಿಸಬಹುದು. ನ್ಯಾಯವಾದ ಅಭಿಪ್ರಾಯವನ್ನು ಅದುಮಲು ಈ ಅಧಿಕಾರ ಬಳಸುವಂತಿಲ್ಲ, ಆದೇಶವನ್ನು ಜನರಿಗೆ ಸಿಗುವಂತೆ ಪ್ರಕಟಿಸಬೇಕು ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದೇಶ ತಪ್ಪು ಅನ್ನಿಸಿದರೆ ಅದನ್ನು ಪ್ರಶ್ನಿಸಬಹುದು. ಜಾರಿಯಲ್ಲಿದ್ದಾಗ ಮೀರಿದರೆ ಕೇಸು ಬೀಳಬಹುದು ಎಂಬುದು ಗೊತ್ತಿರಲಿ.

ಖಾಕಿಗೂ ಗೆರೆ ಇದೆ

ಗುಂಪನ್ನು ಚದುರಿಸಬೇಕಾದರೆ ಪೊಲೀಸರು ಮೊದಲು ಚದುರಿ ಎಂದು ಹೇಳಬೇಕು. ಕೇಳದಿದ್ದರೆ ಬಲ, ಅದೂ ಎಷ್ಟು ಬೇಕೋ ಅಷ್ಟೇ. ಓಡುತ್ತಿರುವವನ ಬೆನ್ನಿಗೆ ಬಾರಿಸುವುದು ಚದುರಿಸುವುದಲ್ಲ.

ಪ್ರತಿಭಟನೆ ದಿನ ಎಲ್ಲರನ್ನೂ ವ್ಯಾನಿಗೆ ತುಂಬಿ, ಯಾವುದೋ ಮೈದಾನದಲ್ಲಿ ಕೂರಿಸಿ, ಸಂಜೆ ಬಿಡುವುದನ್ನು ನೋಡಿರುತ್ತೀರಿ. ಅದು ಮುಂಜಾಗ್ರತೆಯ ಬಂಧನ. ಬೇರೆ ಕಾನೂನಿನ ಬಲವಿಲ್ಲದೆ ಅದು 24 ಗಂಟೆ ದಾಟುವಂತಿಲ್ಲ. ಕೇಸಿನಲ್ಲಿ ಬಂಧಿಸಿದರೆ 22ನೇ ವಿಧಿ ಜೊತೆಗಿದೆ. ಯಾಕೆ ಬಂಧಿಸಿದ್ದೇವೆ ಎಂದು ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮನೆಯವರಿಗೆ ಅಥವಾ ನೀವು ಹೇಳಿದವರಿಗೆ ತಿಳಿಸಬೇಕು. ಬಂಧಿಸುವ ಪೊಲೀಸರ ಹೆಸರು ಎದೆ ಮೇಲೆ ಕಾಣಬೇಕು. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ವಿಶೇಷ ಸಂದರ್ಭ ಬಿಟ್ಟು ಬಂಧಿಸುವಂತಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು, 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಕೇಸು ವಾಪಸ್ ಆಗುತ್ತದಾ?

ಹುಡುಗ ಕೊನೆಗೆ ಕೇಳಿದ್ದು ಇದನ್ನೇ. ಹೋರಾಟದ ಕೇಸುಗಳನ್ನು ಸರ್ಕಾರ ವಾಪಸ್ ತೆಗೆದುಕೊಳ್ಳುತ್ತದಂತೆ, ಸುಮ್ನೆ ಕೂತರೆ ಸಾಕು ಅಂತ ಊರಲ್ಲಿ ಯಾರೋ ಹೇಳಿದ್ದಾರೆ. ಸಚಿವ ಸಂಪುಟ ತೀರ್ಮಾನ ಮಾಡಿದ ಕೂಡಲೇ ಕೇಸು ಹೋಗುವುದಿಲ್ಲ. ಸರ್ಕಾರಿ ವಕೀಲರು ಕೋರ್ಟಿಗೆ ಅರ್ಜಿ ಹಾಕಬೇಕು, ಕೋರ್ಟು ಒಪ್ಪಬೇಕು. ಅದನ್ನು ನಂಬಿಕೊಂಡು ವಾಯಿದೆ ತಪ್ಪಿಸಿದರೆ ವಾರಂಟ್ ಬರುತ್ತದೆ. ಅವನಿಗೆ ಅಷ್ಟು ಸ್ಪಷ್ಟವಾಗಿ ಹೇಳಿದೆ. ಅವತ್ತು ಪಕ್ಕದಲ್ಲಿದ್ದವರು ಯಾರು, ಯಾರ ಫೋನಿನಲ್ಲಿ ವಿಡಿಯೊ ಇದೆ ಎಂದು ವಿಚಾರಿಸು ಅಂತಲೂ ಹೇಳಿದೆ. ಒಂದು ವಿಡಿಯೊ ಸಿಕ್ಕಿದೆಯಂತೆ. ಕಲ್ಲು ಬಿದ್ದಾಗ ಇವನು ಎರಡೂ ಕೈ ಎತ್ತಿಕೊಂಡು ಬಸ್ಸಿನ ಮುಂದೆ ನಿಂತಿರುವುದು ಕಾಣುತ್ತದೆ, ಮುಖ ಮಾತ್ರ ಅಷ್ಟು ತಿಳಿಯಾಗಿಲ್ಲ. ವಕೀಲರು ಆ ಫೋನನ್ನು ಹಾಗೇ ಜೋಪಾನವಾಗಿ ಇಟ್ಟಿರಲು ಹೇಳಿದ್ದಾರೆ.

ಮುಂದಿನ ವಾಯಿದೆ ಭತ್ತದ ಕೊಯ್ಲಿನ ವಾರಕ್ಕೇ ಬಿದ್ದಿದೆ. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ ಎಂಟು ಗಂಟೆ ಬಸ್ಸಿಗೆ ಹೊರಡುತ್ತಾನೆ.